ಬರೀ ಹೋಗೋದಾ, ಹೋಗಿ ಬರೋದಾ?

ರೈಲು ಬಂದು ನಿಂತ ಹತ್ತು ನಿಮಿಷಕ್ಕೆ ಮೈಸೂರು ರೈಲ್ವೆ ನಿಲ್ದಾಣದ ಮುಂದೆ ಒಂದು ನಾಟಕ ಶುರುವಾಗುತ್ತದೆ. ಟಿಕೆಟ್ ಇಲ್ಲ, ಪುಕ್ಕಟೆ. ಹೆಗಲಿಗೆ ಬ್ಯಾಗು, ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದ ಯಜಮಾನರು ಹೊರಗೆ ಬರುತ್ತಾರೆ. ಎಡಗಡೆಯಿಂದ ಒಬ್ಬ, ಬಲಗಡೆಯಿಂದ ಒಬ್ಬ ಮುತ್ತಿಕೊಳ್ಳುತ್ತಾರೆ. “ಬನ್ನಿ ಸಾರ್, ಬೆಟ್ಟ, ಪ್ಯಾಲೇಸು, ಜೂ, ಕೆ.ಆರ್.ಎಸ್., ಎಲ್ಲಾ ಒಂದೇ ದಿವ್ಸದಲ್ಲಿ ತೋರಿಸಿಬಿಡ್ತೀನಿ.” ಯಜಮಾನರು ತಲೆ ಎತ್ತುವುದಿಲ್ಲ. ಮೊಬೈಲಿನ ಪರದೆಯ ಮೇಲೆ ಇರುವೆಯಂತೆ ಹರಿಯುವ ಪುಟ್ಟ ಕಾರಿನ ಚಿತ್ರದ ಮೇಲೆ ಕಣ್ಣು. ನಾಲ್ಕು ನಿಮಿಷ ಅನ್ನುತ್ತದೆ. ಮತ್ತೆ ಏಳು ನಿಮಿಷ ಅನ್ನುತ್ತದೆ. ಆಮೇಲೆ ಆ ಕಾರೇ ಮಾಯ! ಮನೆಯಾಕೆಯ ಮುಖ ಕೆಂಪಗಾಗುತ್ತದೆ. “ಮೊದ್ಲೇ ಬಡ್ಕೊಂಡೆ, ಅವ್ರ ಗಾಡೀಲೇ ಹೋಗೋಣ ಅಂತ.”

ಇದು ಬಂದವರ ತಾಪತ್ರಯ, ನಮಗೇನು ಅನ್ನಬೇಡಿ. ಊರಿಗೆ ಬಂದವರು ನೀರಿಗೆ ಬರದೆ ಇರುತ್ತಾರೆಯೆ? ಮೈಸೂರಿಗೆ ಬಂದವರು ನಮ್ಮ ನಿಮ್ಮ ಮನೆಗೆ ಬರದೆ ಇರುತ್ತಾರೆಯೆ? ದಸರಾ ಹತ್ತಿರವಾದರೆ ಸಾಕು, ಅರಸೀಕೆರೆಯ ಚಿಕ್ಕಪ್ಪ, ತಿಪಟೂರಿನ ಸೋದರತ್ತೆ, ಬೆಂಗಳೂರಿನ ಷಡ್ಡಕ ಎಲ್ಲರಿಗೂ ನಮ್ಮ ನೆನಪು ಉಕ್ಕಿ ಬರುತ್ತದೆ. ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ಕೇಳುವುದು ಒಂದೇ ಮಾತು: “ಟ್ಯಾಕ್ಸಿ ಮಾಡೋದೋ, ಆ್ಯಪಲ್ಲಿ ಬುಕ್ ಮಾಡೋದೋ?” ದೇವರಾಜ ಮಾರುಕಟ್ಟೆಯಲ್ಲಿ ಬಾಳೆಹಣ್ಣು ತೂಗುವವನನ್ನೂ ಕೇಳುತ್ತಾರೆ, ಸಿಟಿ ಬಸ್ಸಿಗೆ ಕಾದು ನಿಂತ ಗುಮಾಸ್ತನನ್ನೂ ಕೇಳುತ್ತಾರೆ. ನಾವು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತೇವೆ.

ಈ ವರದಿಗಾರನೂ ಹಾಗೆ ಹೇಳಿದವನೇ. ಹೇಳಿ ಮಂಗನಾದವನೂ ಹೌದು.

ಬುದ್ಧಿವಂತನ ಎಡವಟ್ಟು

ಚಿಕ್ಕಪ್ಪನದು ಅರಸೀಕೆರೆಯಲ್ಲಿ ದಿನಸಿ ಅಂಗಡಿ. ವರ್ಷಕ್ಕೆ ಎರಡು ದಿನ ಬಾಗಿಲು ಹಾಕಿದರೆ ಅದೇ ದೊಡ್ಡದು. ಆ ಎರಡು ದಿನವನ್ನು ಕಟ್ಟಿಕೊಂಡು ಒಂದು ಶನಿವಾರ ರಾತ್ರಿ ಸಂಸಾರ ಸಮೇತ ಬಂದಿಳಿದರು. ಚಿಕ್ಕಪ್ಪ, ಚಿಕ್ಕಮ್ಮ, ಮಗ, ಸೊಸೆ, ಮಗಳು, ಮತ್ತೆ ಸೊಸೆಯ ಸೊಂಟದ ಮೇಲೆ ನಾಲ್ಕು ವರ್ಷದ ಒಂದು ಮಗು. ಆರು ಜನ. ನಾನು ಸೇರಿದರೆ ಏಳು. ಚಿಕ್ಕಮ್ಮನಿಗೆ ಮಂಡಿ ನೋವು.

ಸ್ಟೇಷನ್ನಿನ ಹತ್ತಿರ ಟ್ಯಾಕ್ಸಿ ನಿಲ್ಲಿಸಿಕೊಂಡಿದ್ದ ಒಬ್ಬರು, ವಯಸ್ಸು ಐವತ್ತೈದರ ಮೇಲೆ, ಏಳು ಸೀಟಿನ ಗಾಡಿ, ಬೆಟ್ಟ, ಅರಮನೆ, ಕೆ.ಆರ್.ಎಸ್. ತೋರಿಸಿ ಮನೆ ಬಾಗಿಲಿಗೆ ಬಿಡುವುದಕ್ಕೆ 3,200 ರೂಪಾಯಿ ಕೇಳಿದರು. ಪಾರ್ಕಿಂಗ್ ನಮ್ಮದು. ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಊರಿನವನಲ್ಲವೆ, ಪತ್ರಿಕೆಯವನು ಬೇರೆ. “ಅಯ್ಯೋ ಬನ್ನಿ ಚಿಕ್ಕಪ್ಪ, ಇವರೆಲ್ಲ ಹೊರಗಿನೋರು ಅಂದ್ರೆ ತಲೆ ಬೋಳಿಸ್ತಾರೆ. ನಾನು ಮೊಬೈಲಲ್ಲೇ ಮಾಡ್ತೀನಿ” ಅಂದೆ. ಆ ಚಾಲಕರು ಜಗಳ ಆಡಲಿಲ್ಲ. “ಆಯ್ತು ಸ್ವಾಮಿ. ಬರೀ ಹೋಗೋದಾ, ಹೋಗಿ ಬರೋದಾ, ಅದನ್ನ ಯೋಚ್ನೆ ಮಾಡ್ಕೊಳ್ಳಿ” ಅಂದು ಕೈಯಲ್ಲಿದ್ದ ಬಟ್ಟೆಯಿಂದ ಗಾಜು ಒರೆಸಲು ಹೋದರು.

ಭಾನುವಾರ ಬೆಳಿಗ್ಗೆ ಬೆಟ್ಟಕ್ಕೆ ಎರಡು ಕಾರು ಬುಕ್ ಮಾಡಿದೆ. ಎರಡು ಯಾಕೆ ಅಂದರೆ ಮಾಮೂಲಿ ಆ್ಯಪ್ ಕಾರಿನಲ್ಲಿ ಕೂರಿಸುವುದು ನಾಲ್ಕೇ ಜನರನ್ನ. ಬಂದವು. ತಣ್ಣಗೆ ಹೋದೆವು. ಬೆಟ್ಟದಿಂದ ವಾಪಸ್ ಬರಲು ಕಾಲು ಗಂಟೆ ಕಾಯಬೇಕಾಯಿತು, ಪರವಾಗಿಲ್ಲ. ಅರಮನೆ ನೋಡಿದೆವು. ಸಂಜೆ ಬೃಂದಾವನಕ್ಕೆ ಮತ್ತೆ ಎರಡು ಕಾರು. ಹೋಗುವಾಗ ನಾನೇ ರಾಜ. “ನೋಡಿದ್ರಾ ಚಿಕ್ಕಪ್ಪ, ಟ್ಯಾಕ್ಸಿಯವನಿಗೆ ಕೊಟ್ಟಿದ್ರೆ!” ಅಂದದ್ದು ಒಂದು ಸಲ ಅಲ್ಲ, ಮೂರು ಸಲ.

ಬಣ್ಣದ ಕಾರಂಜಿ ಕುಣಿದು ನಿಂತಿತು. ದೀಪ ನೋಡಲು ಬಂದ ಸಾವಿರಾರು ಜನ ಒಂದೇ ಬಾಗಿಲ ಕಡೆ ನುಗ್ಗಿದರು. ನಾನು ಮೊಬೈಲು ತೆಗೆದೆ. ಎಲ್ಲರೂ ತೆಗೆದಿದ್ದರು. ನೆಟ್ಟು ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿತ್ತು. ಹದಿನೈದು ನಿಮಿಷವಾದ ಮೇಲೆ ಒಂದು ಗಾಡಿ ಸಿಕ್ಕಿತು. ಚಾಲಕ ಫೋನು ಮಾಡಿದ. “ಸಾರ್ ನಾನು ಹೂಟಗಳ್ಳಿ ಹತ್ರ ಇದೀನಿ, ಅಲ್ಲೀವರ್ಗೂ ಖಾಲಿ ಬರ್ಬೇಕು. ಮೇಲೆ ಎಷ್ಟ್ ಕೊಡ್ತೀರಾ?” ನಾನು ಕಾನೂನು ಮಾತಾಡಿದೆ. ಅವನು ಫೋನು ಇಟ್ಟ. ಗಾಡಿ ಮಾಯ. ಇನ್ನೊಂದು ಸಿಕ್ಕಿತು, ಅದೂ ಮಾಯ. ಬಸ್ಸು ಬಂತು, ಬಾಗಿಲಲ್ಲೇ ಜೋತು ಬಿದ್ದಿದ್ದರು. ಚಿಕ್ಕಮ್ಮ ಕಟ್ಟೆಯ ಮೇಲೆ ಕೂತು ಮಂಡಿ ಹಿಡಿದುಕೊಂಡಿದ್ದರು. ಮಗು ನಿದ್ದೆಗೆಟ್ಟು ಚೀರುತ್ತಿತ್ತು. ಮುಕ್ಕಾಲು ಗಂಟೆಯ ಮೇಲೆ ಒಂದು ಬಿಳಿ ಬೋರ್ಡಿನ ಹಳೇ ಓಮ್ನಿ ಬಂದು ಪಕ್ಕದಲ್ಲಿ ನಿಂತಿತು. “ಮೈಸೂರಾ? ಎರಡು ಸಾವ್ರ.” ಚೌಕಾಸಿ ಮಾಡಿ 1,800ಕ್ಕೆ ಒಪ್ಪಿಸಿದೆ. ಏಳು ಜನ ಅದರೊಳಗೆ ತುರುಕಿಕೊಂಡು ಬಂದೆವು. ದಾರಿಯುದ್ದಕ್ಕೂ ಚಿಕ್ಕಪ್ಪ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಾಗದದ ಮೇಲೆ ಲೆಕ್ಕ

ರಾತ್ರಿ ನಿದ್ದೆ ಬರದೆ ಪೆನ್ನು ಹಿಡಿದು ಕೂತೆ. ಅಂಗಡಿಯವರಿಗೆ ಲೆಕ್ಕ ಅಂದರೆ ಇಷ್ಟ, ಅದಕ್ಕೇ ಬಿಡಿಸಿ ಬರೆಯುತ್ತೇನೆ.

2023ರ ಕೊನೆಯಲ್ಲಿ ರಾಜ್ಯ ಸರ್ಕಾರ ಸಿಟಿ ಟ್ಯಾಕ್ಸಿಗೂ ಆ್ಯಪ್ ಗಾಡಿಗೂ ಸೇರಿಸಿ ಒಂದೇ ದರ ಗೊತ್ತುಮಾಡಿ ಆದೇಶ ಹೊರಡಿಸಿತು. ಅದರ ಪ್ರಕಾರ ಗಾಡಿಯ ಬೆಲೆ 10 ಲಕ್ಷದೊಳಗಿದ್ದರೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಗಾಡಿ 10ರಿಂದ 15 ಲಕ್ಷದ್ದಾದರೆ 115 ಮತ್ತು 28. ಅದಕ್ಕೂ ಮೇಲಿನದಾದರೆ 130 ಮತ್ತು 32. ಕಾಯುವುದಕ್ಕೆ ಮೊದಲ 5 ನಿಮಿಷ ಬಿಟ್ಟು ನಿಮಿಷಕ್ಕೆ 1 ರೂಪಾಯಿ. ರಾತ್ರಿ 12ರಿಂದ ಬೆಳಿಗ್ಗೆ 6ರ ತನಕ ನೂರಕ್ಕೆ ಹತ್ತು ಹೆಚ್ಚು. ಲಗೇಜು 120 ಕಿಲೋವರೆಗೆ ಫ್ರೀ. ಆ್ಯಪಿನಲ್ಲಿ ಹೋದರೆ ಜಿ.ಎಸ್.ಟಿ. ನೂರಕ್ಕೆ ಐದು ಬೇರೆ.

ಈಗ ನೋಡಿ. ಊರೊಳಗಿಂದ ಚಾಮುಂಡಿ ಬೆಟ್ಟದ ಮೇಲಕ್ಕೆ ಸುಮಾರು 13 ಕಿಲೋಮೀಟರು. ನೂರು ರೂಪಾಯಿ, ಮೇಲೆ 9 ಕಿಲೋಮೀಟರಿಗೆ 216, ಒಟ್ಟು 316. ಬರಲು ಮತ್ತೆ 316. ಕೆ.ಆರ್.ಎಸ್.ಗೆ ಸುಮಾರು 20 ಕಿಲೋಮೀಟರು ಅಂತ ಹಿಡಿದರೆ ಹೋಗಲು 484, ಬರಲು 484. ಎಲ್ಲ ಕೂಡಿದರೆ ಒಂದು ಚಿಕ್ಕ ಕಾರಿಗೆ 1,600. ಏಳು ಜನಕ್ಕೆ ಎರಡು ಕಾರು ಬೇಕು. 3,200!

ಆ ಟ್ಯಾಕ್ಸಿಯವರು ಸ್ಟೇಷನ್ ಮುಂದೆ ನಿಂತು ಬಾಯಲ್ಲೇ ಹೇಳಿದ ಮೊತ್ತ ಅದೇ. ಅದರಲ್ಲಿ ಬೆಟ್ಟದ ಮೇಲೆ ಒಂದು ಗಂಟೆ, ಅರಮನೆಯ ಹತ್ತಿರ ಎರಡು ಗಂಟೆ, ಬೃಂದಾವನದ ಹೊರಗೆ ಎರಡು ಗಂಟೆ ಕಾಯುವುದೂ ಸೇರಿತ್ತು. ನಾನು ಅವರನ್ನು ತಲೆ ಬೋಳಿಸುವವರು ಅಂದಿದ್ದೆ.

ಹಾಗಂತ ಸ್ಟ್ಯಾಂಡಿನವರೆಲ್ಲ ಸತ್ಯಹರಿಶ್ಚಂದ್ರರು ಅಂತ ಅರ್ಥವಲ್ಲ. ಆ ಮಾತಿಗೆ ಆಮೇಲೆ ಬರೋಣ. ಮೊದಲು ಕೆ.ಆರ್.ಎಸ್. ಕಟ್ಟೆಯ ಮೇಲೆ ಆ ರಾತ್ರಿ ಗಾಡಿ ಯಾಕೆ ಸಿಗಲಿಲ್ಲ ಅನ್ನುವುದನ್ನ ತಿಳಿಯಬೇಕು.

ಖಾಲಿ ಗಾಡಿಯ ಹೊಟ್ಟೆನೋವು

ಮರುವಾರ ಅರಮನೆಯ ಹಿಂದಿನ ರಸ್ತೆಯ ಒಂದು ಟೀ ಅಂಗಡಿಯಲ್ಲಿ ಒಬ್ಬ ಆ್ಯಪ್ ಚಾಲಕನನ್ನ ಮಾತಿಗೆಳೆದೆ. ಹುಡುಗ, ಮೂವತ್ತರ ಒಳಗೆ. ಗಾಡಿಗೆ ಬ್ಯಾಂಕಿನ ಸಾಲ. ಕಂತು ತಪ್ಪಿದರೆ ಫೈನಾನ್ಸಿನವರು ಮನೆ ಮುಂದೆ. ಅವನು ಹೇಳಿದ್ದು ಇಷ್ಟು.

“ಅಣ್ಣ, ನಿಮ್ಮನ್ನ ಕೆ.ಆರ್.ಎಸ್.ಗೆ ಬಿಟ್ಟೆ ಅಂತಿಟ್ಕೊಳ್ಳಿ. ದುಡ್ಡು ಬಂತು. ಅಲ್ಲಿ ಸಂಜೆ ಆರಕ್ಕೆ ವಾಪಸ್ ಬರೋರು ಯಾರೂ ಇರಲ್ಲ. ಎಲ್ಲಾ ದೀಪ ನೋಡೋಕೆ ಹೋದೋರೇ. ಎರಡು ಗಂಟೆ ಕಾಯ್ಲಾ? ಕಾದ್ರೆ ಯಾರೂ ಕೊಡಲ್ಲ. ಖಾಲಿ ಬರ್ತೀನಿ. ಬಂದು ಊರೊಳಗೆ ಮೂರು ಟ್ರಿಪ್ ಹೊಡೀತೀನಿ. ರಾತ್ರಿ ನೀವು ಅಲ್ಲಿಂದ ಬುಕ್ ಮಾಡ್ತೀರಾ. ಇಪ್ಪತ್ತು ಕಿಲೋಮೀಟ್ರು ಖಾಲಿ ಬಂದು ನಿಮ್ಮನ್ನ ಹತ್ತಿಸ್ಕೊಂಡ್ರೆ ಬರೋದು ಒನ್‌ವೇ ದುಡ್ಡು. ಡೀಸಲ್ ಲೆಕ್ಕ ಹಾಕಿ. ನೀವಾದ್ರೆ ಬರ್ತೀರಾ?”

ನಾನಾದರೂ ಬರುವುದಿಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವೂ ಇಲ್ಲ. ಆ್ಯಪ್ ಅನ್ನುವುದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಿಡುವ ವ್ಯವಸ್ಥೆ. ಬಿಟ್ಟ ಕಡೆ ಇನ್ನೊಬ್ಬ ಗಿರಾಕಿ ನಿಂತಿದ್ದರೆ ಅದು ಗಡಿಯಾರದಂತೆ ನಡೆಯುತ್ತದೆ. ಒಂಟಿಕೊಪ್ಪಲಿನಿಂದ ಅಗ್ರಹಾರಕ್ಕೆ, ಸ್ಟೇಷನ್ನಿಂದ ಕುವೆಂಪುನಗರಕ್ಕೆ, ಹಗಲು ಹೊತ್ತು, ಒಬ್ಬರೋ ಇಬ್ಬರೋ ಹೋಗುವುದಾದರೆ ಅದನ್ನು ಮೀರಿಸುವುದು ಯಾವುದೂ ಇಲ್ಲ. ದಾರಿ ಗೊತ್ತಿಲ್ಲದವರು ಮೋಸ ಹೋಗುವುದಿಲ್ಲ, ದರ ಮೊದಲೇ ತಿಳಿಯುತ್ತದೆ, ಯಾರ ಗಾಡಿ ಯಾವ ನಂಬರು ಅನ್ನುವುದು ದಾಖಲಾಗುತ್ತದೆ, ಒಬ್ಬಳೇ ಹೋಗುವ ಹೆಣ್ಣುಮಗಳು ಹೋಗುತ್ತಿರುವ ದಾರಿಯನ್ನ ಮನೆಯವರ ಮೊಬೈಲಿಗೆ ಕಳಿಸಬಹುದು. ಆದರೆ ಊರಿನ ಅಂಚು ದಾಟಿದ ಮೇಲೆ, ಹೊತ್ತು ಮುಳುಗಿದ ಮೇಲೆ, ಬಿಟ್ಟ ಕಡೆ ಗಿರಾಕಿ ಇಲ್ಲ. ಅಲ್ಲಿ ಗಡಿಯಾರ ನಿಲ್ಲುತ್ತದೆ.

ಈ ಜ್ಞಾನಕ್ಕೆ ಮೊಬೈಲು ಬೇಕಿರಲಿಲ್ಲ. ಹಿಂದೆ ಇದೇ ಸ್ಟೇಷನ್ ಮುಂದೆ ಜಟಕಾಗಳ ಸಾಲು ನಿಲ್ಲುತ್ತಿತ್ತು. ಷಾಪಸಂದ್ ಗಾಡಿಯ ಸಾಬರು ಲಗಾಮು ಕೈಲಿ ಹಿಡಿದು ದರ ಹೇಳುವ ಮೊದಲು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ ಅಂತ ನಮ್ಮಪ್ಪ ಹೇಳುತ್ತಿದ್ದರು: “ಬರೀ ಹೋಗೋದಾ, ಹೋಗಿ ಬರೋದಾ?” ಬರೀ ಹೋಗುವುದಕ್ಕೆ ಒಂದು ದರ, ಹೋಗಿ ಕಾದು ಬರುವುದಕ್ಕೆ ಇನ್ನೊಂದು. ಖಾಲಿ ಬರುವ ಕುದುರೆಗೂ ಹುರುಳಿ ಬೇಕಲ್ಲ! ಆ ಟ್ಯಾಕ್ಸಿಯವರು ನನಗೆ ಕೇಳಿದ್ದೂ ಅದನ್ನೇ.

ಇನ್ನೊಂದು ಸಂಗತಿ ಬಹಳ ಜನಕ್ಕೆ ಗೊತ್ತಿಲ್ಲ. ಮೊದಲು ಆ್ಯಪ್ ಕಂಪನಿಗಳು ಪ್ರತಿ ಬಾಡಿಗೆಯಲ್ಲಿ ತಮ್ಮ ಕಮಿಷನ್ ಮುರಿದುಕೊಳ್ಳುತ್ತಿದ್ದವು. ಬೆಂಗಳೂರಿನಲ್ಲಿ 2022ರ ಅಕ್ಟೋಬರ್‌ನಲ್ಲಿ ಆಟೋ ದರದ ಗಲಾಟೆ ಎದ್ದು ಸಾರಿಗೆ ಇಲಾಖೆ ನೋಟೀಸು ಕೊಟ್ಟು, ಅದು ಹೈಕೋರ್ಟಿನ ಮೆಟ್ಟಿಲು ಹತ್ತಿತು. ಅದೇ ವರ್ಷದ ಕೊನೆಯಲ್ಲಿ ಅಲ್ಲಿನ ಆಟೋದವರೇ ಸೇರಿಕೊಂಡ ‘ನಮ್ಮ ಯಾತ್ರಿ’ ಕಮಿಷನ್ ಇಲ್ಲ ಅನ್ನುತ್ತ ಬಂತು. ಮಿಕ್ಕವರೂ ಆ ದಾರಿಗೇ ತಿರುಗಿದರು. 2025ರ ಫೆಬ್ರವರಿಯಲ್ಲಿ ಊಬರ್ ತನ್ನ ಆಟೋಗಳಿಗೆ, ಜೂನ್‌ನಲ್ಲಿ ಓಲಾ ತನ್ನ ಗಾಡಿಗಳಿಗೆ, ಕಮಿಷನ್ ಬಿಟ್ಟು ಶುಲ್ಕದ ಪದ್ಧತಿ ತಂದವು. ಚಾಲಕನಿಗೆ ಒಳ್ಳೆಯದೇ. ಆದರೆ ಪ್ರಯಾಣಿಕ ಗಮನಿಸಬೇಕಾದದ್ದು ಬೇರೆ. ಊಬರ್ ಆಟೋದಲ್ಲಿ ಪರದೆಯ ಮೇಲೆ ಬರುವುದು ಸೂಚನೆಯ ದರ, ಹಣ ಚಾಲಕನ ಕೈಗೇ, ಎಂದು ಕಂಪನಿಯೇ ಹೇಳಿತು. ಅಂದರೆ ಏನಾಯಿತು? ಆ್ಯಪ್ ಈಗ ಗಾಡಿ ಕರೆದುಕೊಡುವ ದಳ್ಳಾಳಿ. ದರದಲ್ಲಿ ತಕರಾರು ಬಂದರೆ ಮಾತಾಡಬೇಕಾದವರು ನೀವು ಮತ್ತು ಅವನು. ಹತ್ತುವ ಮೊದಲೇ “ಇಷ್ಟೇ ಅಲ್ವಾ ಅಣ್ಣ?” ಅಂತ ಕೇಳಿಬಿಡುವುದು ಕ್ಷೇಮ.

ಸೀರೆ ಅಂಗಡಿಯ ಬಾಗಿಲಲ್ಲಿ

ಈಗ ಸ್ಟ್ಯಾಂಡಿನವರ ಮಾತಿಗೆ ಬರೋಣ.

ಮೂರು ಸಾವಿರ ಹೇಳಿದ ಜಾಗದಲ್ಲಿ ಇನ್ನೊಬ್ಬ ಬಂದು “ಎರಡಕ್ಕೇ ಬರ್ತೀನಿ ಬನ್ನಿ” ಅಂದರೆ ಚಿಕ್ಕಪ್ಪನಂಥವರು ಖುಷಿಯಾಗಿ ಹತ್ತಿಬಿಡುತ್ತಾರೆ. ಡೀಸಲ್ ದರ ಎಲ್ಲರಿಗೂ ಒಂದೇ ಇರುವಾಗ ಅವನಿಗೆ ಹೇಗೆ ಗಿಟ್ಟುತ್ತದೆ ಅಂತ ಯಾರೂ ಕೇಳುವುದಿಲ್ಲ. ಉತ್ತರ ದಾರಿಯಲ್ಲೇ ಸಿಗುತ್ತದೆ. ಅರಮನೆಗೆ ಮುಂಚೆ ಒಂದು ರೇಷ್ಮೆ ಅಂಗಡಿ. ಜೂ ಆದ ಮೇಲೆ ಗಂಧದೆಣ್ಣೆ, ಅಗರಬತ್ತಿ. ಊಟದ ಮೊದಲು ಮರದ ಕೆತ್ತನೆಯ ಆನೆ. “ಬರೀ ನೋಡಿ ಸಾರ್, ತಗೊಳ್ಳೇಬೇಕು ಅಂತಿಲ್ಲ, ಐದೇ ನಿಮಿಷ.” ಬೋರ್ಡು ನೋಡಿದರೆ ಸರ್ಕಾರಿ ಮಳಿಗೆಯೇ ಇರಬೇಕು ಅನ್ನುವಂಥ ಹೆಸರು. ಒಳಗೆ ಕಾಲಿಟ್ಟರೆ ಕೂಲ್ ಡ್ರಿಂಕ್ಸು, ಮೆತ್ತೆ, “ಅಮ್ಮಾವ್ರೇ” ಅನ್ನುವ ಉಪಚಾರ. ಹೊರಗೆ ಗಾಡಿಯ ನಂಬರು ಒಂದು ಚೀಟಿಯಲ್ಲಿ ಬರೆದಾಗಿರುತ್ತದೆ. ನೀವು ಕೊಟ್ಟ ದುಡ್ಡಿನಲ್ಲಿ ಅವನ ಪಾಲು ಅಲ್ಲೇ ಮುರಿದಾಗಿರುತ್ತದೆ. ಟ್ಯಾಕ್ಸಿಯಲ್ಲಿ ಉಳಿದ ಸಾವಿರ ಸೀರೆಯಲ್ಲಿ ಹೋಯಿತು.

ಇದರಲ್ಲಿ ಚಾಲಕನೊಬ್ಬನೇ ಕಳ್ಳನೆ? ಹೆಸರು ಬರೆಯಬೇಡಿ ಎಂದು ಕೈಮುಗಿದ ಒಬ್ಬ ವ್ಯಾಪಾರಸ್ಥರು ಹೇಳಿದ್ದು ಕೇಳಿ. “ಕೊಡ್ದಿದ್ರೆ ಗಾಡಿ ನಮ್ಮ ಮುಂದೆ ನಿಲ್ಲಲ್ಲ ಸಾರ್. ಪಕ್ಕದೋನು ಕೊಡ್ತಾನೆ. ನಾನು ಎರಡು ತಿಂಗಳು ಕೊಡದೆ ನೋಡ್ದೆ. ಹುಡುಗರಿಗೆ ಸಂಬಳ ಕೊಡೋಕಾಗ್ಲಿಲ್ಲ.” ಎಷ್ಟು ಕೊಡ್ತೀರಿ ಅಂದೆ. ನಕ್ಕರು, ಟೀ ತರಿಸಿದರು. ಹಾಗಾದರೆ ಬೆಲೆ ಯಾರ ತಲೆಗೆ ಅಂದೆ. ಅದಕ್ಕೂ ನಕ್ಕರು.

ಈ ಪತ್ರಿಕೆ ಓದುವ ಅಂಗಡಿಯವರಲ್ಲಿ ಇಂಥ ಚೀಟಿ ಬರೆಯುವವರೂ ಇದ್ದೀರಿ, ನನಗೆ ಗೊತ್ತು. ಬೈಯಲು ಬರೆಯುತ್ತಿಲ್ಲ. ಆದರೆ ಒಂದು ಸಲ ಮೋಸ ಹೋದ ಗಿರಾಕಿ ಆ ಅಂಗಡಿಯನ್ನಲ್ಲ, “ಮೈಸೂರಲ್ಲಿ ಹಂಗೆ” ಅಂತ ಊರನ್ನೇ ಬೈದುಕೊಂಡು ಹೋಗುತ್ತಾನೆ. ಗಾಡಿಯವರಿಗೆ ಚೀಟಿ ಕೊಡದೆ ಮೂಲೆಯಲ್ಲಿ ಕೂತು ನಿಯತ್ತಿನ ವ್ಯಾಪಾರ ಮಾಡುವವನ ಬಾಗಿಲಿಗೂ ಆಮೇಲೆ ಅವನು ಬರುವುದಿಲ್ಲ. ರೇಷ್ಮೆ ಬೇಕಾದವರು ಮಾನಂದವಾಡಿ ರಸ್ತೆಯ ಕೆ.ಎಸ್.ಐ.ಸಿ. ಕಾರ್ಖಾನೆಯ ಮಳಿಗೆಗೇ ನೇರ ಹೋಗಬಹುದು. ಅಲ್ಲಿ ಚೌಕಾಸಿಯೂ ಇಲ್ಲ, ಚೀಟಿಯೂ ಇಲ್ಲ. 1912ರಲ್ಲಿ ಮಹಾರಾಜರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು.

ಇದಕ್ಕೆ ಒಂದು ಮದ್ದನ್ನು ಒಬ್ಬ ಹಳೇ ಚಾಲಕರೇ ಹೇಳಿಕೊಟ್ಟರು. ಬಾಡಿಗೆ ಮಾತಾಡುವಾಗಲೇ “ಯಾವ ಅಂಗಡಿಗೂ ಬೇಡ, ಅದಕ್ಕೆ ಬೇಕಾದ್ರೆ ಇನ್ನೂರು ಹೆಚ್ಚಿಗೆ ತಗೊಳ್ಳಿ” ಅಂದುಬಿಡಬೇಕಂತೆ. “ನಮಗೂ ಅಂಗಡಿ ಮುಂದೆ ಬಿಸಿಲಲ್ಲಿ ಕಾಯೋ ಕರ್ಮ ತಪ್ಪುತ್ತೆ ಸಾರ್. ಮರ್ಯಾದೇನೂ ಉಳಿಯುತ್ತೆ.” ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ.

ಹಳದಿ ಬೋರ್ಡು, ಬಿಳಿ ಬೋರ್ಡು

ಆ ರಾತ್ರಿ ನಾನು ಏಳು ಜನರನ್ನ ಕೂರಿಸಿಕೊಂಡು ಬಂದ ಓಮ್ನಿಯ ವಿಷಯ ಬರೆಯಲು ನಾಚಿಕೆ. ಬಾಡಿಗೆಗೆ ಓಡುವ ಗಾಡಿಗೆ ಹಳದಿ ಹಲಗೆ, ಕಪ್ಪು ಅಕ್ಷರ. ಬ್ಯಾಟರಿ ಗಾಡಿಯಾದರೆ ಹಸಿರು ಹಲಗೆ, ಹಳದಿ ಅಕ್ಷರ. ಬಿಳಿ ಹಲಗೆ ಸ್ವಂತಕ್ಕೆ ಮಾತ್ರ. ಅದರಲ್ಲಿ ದುಡ್ಡು ಕೊಟ್ಟು ಹೋದಾಗ ದಾರಿಯಲ್ಲಿ ಏನಾದರೂ ಆದರೆ ವಿಮೆಯವರು “ಇದು ಬಾಡಿಗೆ ಗಾಡಿ ಅಲ್ಲವಲ್ಲ” ಅಂತ ಕೈ ಎತ್ತಲು ದಾರಿ ಸಿಗುತ್ತದೆ. ಸೊಸೆಯ ತೊಡೆಯ ಮೇಲೆ ಮಗು ಮಲಗಿತ್ತು. ಬೆಳಗೊಳ ದಾಟುವಾಗ ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ಹಿಂದಿನ ದೀಪವಷ್ಟೇ ಅಲ್ಲ, ಮುಂದಿನ ದೀಪವೂ ಇರಲಿಲ್ಲ. ಆ ಹೊತ್ತಿಗೆ ನನಗೆ 3,200 ರೂಪಾಯಿ ಏನೂ ಅಲ್ಲ ಅನ್ನಿಸಿತು.

ಟ್ಯಾಕ್ಸಿ ಗೊತ್ತು ಮಾಡುವಾಗ ಕೇಳಬೇಕಾದದ್ದು ಬಹಳ ಇಲ್ಲ. ಪ್ಯಾಕೇಜು ಅಂದರೆ ಸಾಮಾನ್ಯವಾಗಿ 8 ಗಂಟೆ, 80 ಕಿಲೋಮೀಟರು. ಗಾಡಿ ಅವರ ಶೆಡ್ಡಿನಿಂದ ಹೊರಟಾಗಿನಿಂದ ಮತ್ತೆ ಶೆಡ್ಡು ಸೇರುವ ತನಕ ಲೆಕ್ಕ ಹಿಡಿಯುವವರು ಇದ್ದಾರೆ, ಅದನ್ನ ಮೊದಲೇ ಕೇಳಿ. ಮೀರಿದ ಗಂಟೆಗೆ ಎಷ್ಟು, ಮೀರಿದ ಕಿಲೋಮೀಟರಿಗೆ ಎಷ್ಟು, ಬಾಟಾ, ಟೋಲು, ಪಾರ್ಕಿಂಗು ಯಾರದು ಅಂತ ಕೇಳಿ ಒಂದು ವಾಟ್ಸ್ಯಾಪ್ ಮೆಸೇಜಿನಲ್ಲಿ ಹಾಕಿಸಿಕೊಳ್ಳಿ. ಬಾಯಿಮಾತು ಸಂಜೆಯ ಹೊತ್ತಿಗೆ ಬೇರೆ ಬಣ್ಣಕ್ಕೆ ತಿರುಗುತ್ತದೆ. ಆ್ಯಪಿನಲ್ಲಾದರೆ ಗಾಡಿ ಬಂದಾಗ ನಂಬರು ನೋಡಿ, ಆಮೇಲೆ ಪಿನ್ ಹೇಳಿ. “ಆ್ಯಪ್ ಕ್ಯಾನ್ಸಲ್ ಮಾಡಿ, ಹಂಗೇ ಹೋಗೋಣ” ಅಂದರೆ ಒಪ್ಪಬೇಡಿ. ಕ್ಯಾನ್ಸಲ್ ಮಾಡಿದ ಮೇಲೆ ನೀವು ಯಾರ ಗಾಡಿಯಲ್ಲಿ ಇದ್ದೀರಿ ಅನ್ನುವುದಕ್ಕೆ ದಾಖಲೆಯೇ ಇಲ್ಲ. ಜಗಳ ವಿಪರೀತಕ್ಕೆ ಹೋದರೆ 112, ದುಡ್ಡಿನ ಮೋಸವಾದರೆ ಗ್ರಾಹಕರ ಸಹಾಯವಾಣಿ 1915.

ಊಟಿಯ ಆಸೆ ಇರುವವರಿಗೆ ಮಾತ್ರ ಇನ್ನೊಂದು ಮಾತು. ಬೆಳಿಗ್ಗೆ ಹೋಗಿ ರಾತ್ರಿ ಬಂದುಬಿಡೋಣ ಅಂತ ಹೊರಡುತ್ತಾರೆ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. 2009ರಿಂದ ಹಾಗೇ ಇದೆ. ಮೇಲಾಗಿ 2024ರ ಮೇ 7ರಿಂದ ನೀಲಗಿರಿಗೆ ಹೋಗಲು ಮೊದಲೇ ಇ-ಪಾಸ್ ಮಾಡಿಸಬೇಕು ಅಂತ ಮದ್ರಾಸ್ ಹೈಕೋರ್ಟಿನ ಆದೇಶದ ಮೇಲೆ ವ್ಯವಸ್ಥೆ ಬಂತು. ತಮಿಳುನಾಡಿನ ಪರ್ಮಿಟ್ಟು, ಇ-ಪಾಸು, ಎರಡೂ ಯಾರು ಮಾಡಿಸುತ್ತಾರೆ ಅಂತ ಹೊರಡುವ ಹಿಂದಿನ ದಿನವೇ ಗೊತ್ತಿರಬೇಕು. ಇದು ದಿನಾ ಆ ದಾರಿಯಲ್ಲಿ ಓಡುವ ಟ್ಯಾಕ್ಸಿಯವರ ಕೆಲಸ. ಐದು ನಿಮಿಷದಲ್ಲಿ ಮೊಬೈಲಿನಲ್ಲಿ ಕರೆಸಿದ ಗಾಡಿಯಿಂದ ಆಗುವ ಕೆಲಸವಲ್ಲ.

ಎರಡೂ ಕೈಕೊಡುವ ದಿನ

ಜಂಬೂಸವಾರಿಯ ದಿನ ಟ್ಯಾಕ್ಸಿಯೂ ಇಲ್ಲ, ಆ್ಯಪೂ ಇಲ್ಲ. ಅರಮನೆಯ ಸುತ್ತ, ಸಯ್ಯಾಜಿರಾವ್ ರಸ್ತೆ, ಬನ್ನಿಮಂಟಪದ ತನಕ ರಸ್ತೆಯೇ ಆನೆಗಳದ್ದು. ಪರದೆಯ ಮೇಲೆ ಕಾರು ಕಾಣುತ್ತದೆ, ನಿಮ್ಮ ಹತ್ತಿರ ಬರಲು ಅದಕ್ಕೆ ರೆಕ್ಕೆ ಬೇಕು. ಆ ದಿನ ನೆಂಟರಿಗೆ ಒಳ್ಳೇ ಚಪ್ಪಲಿ ಹಾಕಿಕೊಳ್ಳಲು ಹೇಳಿ. ಆಷಾಢ ಶುಕ್ರವಾರ ಬೆಟ್ಟಕ್ಕೂ ಹಾಗೇ. ಈಚಿನ ವರ್ಷಗಳಲ್ಲಿ ಆ ದಿನ ಖಾಸಗಿ ಗಾಡಿ ಮೇಲಕ್ಕೆ ಬಿಡದೆ, ಲಲಿತಮಹಲ್ ಹತ್ತಿರದ ಹೆಲಿಪ್ಯಾಡ್ ಮೈದಾನದಿಂದ ಸರ್ಕಾರಿ ಬಸ್ಸಿನಲ್ಲೇ ಕರೆದುಕೊಂಡು ಹೋಗುತ್ತಿದ್ದಾರೆ. ಗೊತ್ತಿಲ್ಲದೆ ಟ್ಯಾಕ್ಸಿಗೆ ಅಡ್ವಾನ್ಸ್ ಕೊಟ್ಟು ಕೂತವರನ್ನ ನಾನೇ ನೋಡಿದ್ದೇನೆ.

ಸಬರ್ಬನ್ ಬಸ್ ನಿಲ್ದಾಣದ ಮುಂದಿನ ಅವಾಂತರವನ್ನ ಬಸ್ಸಿನಲ್ಲಿ ಓಡಾಡುವ ನಿಮಗೆ ಹೇಳಬೇಕಾಗಿಲ್ಲ. ಆ್ಯಪ್ ಗಾಡಿ ಬಂದು ನಿಲ್ಲಲು ಜಾಗವಿಲ್ಲ, ನಿಂತರೆ ಸ್ಟ್ಯಾಂಡಿನ ಆಟೋದವರ ತಕರಾರು, ಹಿಂದಿನಿಂದ ಬಸ್ಸಿನ ಹಾರನ್ನು. ಕೊನೆಗೆ ಚಾಲಕ ಫೋನಿನಲ್ಲಿ “ಸ್ವಲ್ಪ ಮುಂದೆ ನಡ್ಕೊಂಡ್ ಬನ್ನಿ” ಅನ್ನುತ್ತಾನೆ. ಆ ಸ್ವಲ್ಪ ಎಷ್ಟು ಅನ್ನುವುದು ಲಗೇಜು ಹೊತ್ತವರಿಗೇ ಗೊತ್ತು. ಇಂತಿಷ್ಟು ಅಡಿ ಜಾಗಕ್ಕೆ ಬಿಳಿ ಗೆರೆ ಎಳೆದು “ಇಲ್ಲಿ ಹತ್ತಿ” ಅಂತ ಒಂದು ಬೋರ್ಡು ನೆಟ್ಟರೆ ಈ ಕಿತ್ತಾಟ ಅರ್ಧ ಕಡಿಮೆಯಾಗುತ್ತದೆ. ನಗರಪಾಲಿಕೆಯವರು, ಸಂಚಾರ ಪೊಲೀಸರು ಒಂದು ಮಧ್ಯಾಹ್ನ ಬಂದು ಅಲ್ಲಿ ಸುಮ್ಮನೆ ನಿಂತು ನೋಡಲಿ.

ಚಿಕ್ಕಪ್ಪನ ಸಂಸಾರ ಈಚೆಗೆ ಮತ್ತೆ ಬಂದಿತ್ತು. ಈ ಸಲ ನನ್ನನ್ನ ಏನೂ ಕೇಳಲಿಲ್ಲ. ಕೆ.ಆರ್.ಎಸ್.ಗೆ ಅದೇ ಟ್ಯಾಕ್ಸಿಯವರ ನಂಬರು ಹುಡುಕಿ ತಾವೇ ಫೋನು ಮಾಡಿ ಗೊತ್ತು ಮಾಡಿಕೊಂಡಿದ್ದರು. ಬೆಟ್ಟಕ್ಕೆ ಏನು ಮಾಡ್ತೀರಿ ಅಂದೆ. ಚಿಕ್ಕಮ್ಮ ಬ್ಯಾಗಿನಿಂದ ಆಧಾರ್ ಕಾರ್ಡು ತೆಗೆದು ಆಡಿಸಿದರು. ಸಿಟಿ ಬಸ್ ನಿಲ್ದಾಣದಿಂದ 201ನೇ ನಂಬರಿನ ಸಾದಾ ಬಸ್ಸು. 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲವಲ್ಲ! ಚಿಕ್ಕಮ್ಮ, ಸೊಸೆ, ಮಗಳು, ಮೂವರಿಗೂ ಕಂಡಕ್ಟರು ಸೊನ್ನೆ ರೂಪಾಯಿ ಚೀಟಿ ಹರಿದುಕೊಟ್ಟ. ಮಂಡಿ ನೋವಿನವರೆಂದು ಸೀಟೂ ಸಿಕ್ಕಿತು. ಚಿಕ್ಕಪ್ಪ, ಅವರ ಮಗ ಮತ್ತು ನಾನು ಕಂಬ ಹಿಡಿದು ನಿಂತು, ದುಡ್ಡು ಕೊಟ್ಟು ಹೋದೆವು. ನಂದಿಯ ಕಡೆ ತಿರುಗುವ ರಸ್ತೆಯ ಹತ್ತಿರ ಬಸ್ಸು ವಾಲಿದಾಗ ಚಿಕ್ಕಮ್ಮ ಹಿಂದೆ ತಿರುಗಿ ನನ್ನನ್ನ ಕೇಳಿದರು: “ಏನಪ್ಪಾ, ಮೊಬೈಲ್ ತಂದಿದೀಯಾ?”